ಅಭ್ಯರ್ಥಿಯನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ?

ಒಂದು ಚುನಾವಣಾ ಪ್ರಚಾರ ಸಭೆ ಅಂದುಕೊಳ್ಳಿ. ಇಪ್ಪತ್ತು ಸಾವಿರ ಜನ ಹಿಡಿಸುವ ಮೈದಾನ, ಬಂದವರು ಎಂಟು ಸಾವಿರ. ಅಭ್ಯರ್ಥಿ ಒಂದು ಗಂಟೆ ತಡವಾಗಿ ಬಂದರು. ನಲವತ್ತು ನಿಮಿಷ ಮಾತಾಡಿದರು. ಮೂವತ್ತು ನಿಮಿಷ ಕುಡಿಯುವ ನೀರಿನ ಯೋಜನೆಯ ಬಗ್ಗೆ, ಕೊನೆಯ ಎರಡು ನಿಮಿಷ ಎದುರಾಳಿಯ ಮೇಲೆ. ಮರುದಿನ ಮೂರು ಪತ್ರಿಕೆಗಳಲ್ಲಿ ಮೂರು ತಲೆಬರಹ: ‘ಸಾವಿರಾರು ಜನರ ಮುಂದೆ ಕುಡಿಯುವ ನೀರಿನ ಭರವಸೆ’, ‘ತಡವಾಗಿ ಬಂದ ಅಭ್ಯರ್ಥಿಗೆ ಖಾಲಿ ಕುರ್ಚಿಗಳ ಸ್ವಾಗತ’, ‘ಎದುರಾಳಿ ವಿರುದ್ಧ ತೀವ್ರ ವಾಗ್ದಾಳಿ’. ಮೂರರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಆ ಮೂರನ್ನು ಓದಿದ ಮೂವರ ಮನಸ್ಸಿನಲ್ಲಿ ಮೂರು ಬೇರೆ ಬೇರೆ ಮನುಷ್ಯರು ಉಳಿದಿರುತ್ತಾರೆ.

ಮಾಧ್ಯಮದ ಪಕ್ಷಪಾತ ಎಂದ ಕೂಡಲೇ ನಮಗೆ ನೆನಪಾಗುವುದು ಸುಳ್ಳು ಸುದ್ದಿ. ಸುಳ್ಳನ್ನು ಹಿಡಿಯಲು ಫ್ಯಾಕ್ಟ್‌ಚೆಕ್ ತಂಡಗಳಿವೆ, ಹಿಡಿದು ತೋರಿಸಿದರೆ ಸಂಸ್ಥೆ ವಿಷಾದವನ್ನಾದರೂ ಪ್ರಕಟಿಸಬೇಕಾಗುತ್ತದೆ. ಮೇಲಿನ ಮೂರು ತಲೆಬರಹಗಳ ಮೇಲೆ ಯಾವ ಫ್ಯಾಕ್ಟ್‌ಚೆಕ್ ತಂಡವೂ ಬೆರಳಿಡಲಾರದು. ಒಬ್ಬ ಅಭ್ಯರ್ಥಿಯ ಬಗ್ಗೆ ಜನ ಏನು ಯೋಚಿಸುತ್ತಾರೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಇಂಥ ನಿಜಗಳೇ. ಯಾವ ನಿಜವನ್ನು ಮುಂದಿಡಬೇಕು, ಯಾವುದನ್ನು ಒಂಬತ್ತನೇ ಪುಟಕ್ಕೆ ಕಳಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂದು ಡೆಸ್ಕಿನಲ್ಲಿ ಪ್ರತಿ ಸಂಜೆ ನಡೆಯುವ ಆಯ್ಕೆಯಲ್ಲಿ ಪಕ್ಷಪಾತ ಇರುತ್ತದೆ. ಅದನ್ನು ಎಣಿಸಬಹುದು ಎಂಬುದೇ ಈ ಲೇಖನದ ಮುಖ್ಯ ಮಾತು.

ಕ್ರಿಯಾಪದ ನೋಡಿ, ವಾಲು ಗೊತ್ತಾಗುತ್ತದೆ

ಕನ್ನಡದ ಸುದ್ದಿಯಲ್ಲಿ ಮೊದಲು ನೋಡಬೇಕಾದದ್ದು ವಾಕ್ಯದ ಕೊನೆಯ ಪದ. ಇಬ್ಬರು ಅಭ್ಯರ್ಥಿಗಳು ಒಂದೇ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿರುತ್ತಾರೆ. ವರದಿಯಲ್ಲಿ ಒಬ್ಬರು ‘ಸ್ಪಷ್ಟಪಡಿಸಿದರು’, ಇನ್ನೊಬ್ಬರು ‘ಸಮರ್ಥಿಸಿಕೊಂಡರು’. ಸ್ಪಷ್ಟಪಡಿಸುವವರ ಬಳಿ ಸತ್ಯವಿದೆ, ಸಮರ್ಥಿಸಿಕೊಳ್ಳುವವರ ಬಳಿ ಮುಚ್ಚಿಡುವಂಥದ್ದೇನೋ ಇದೆ ಎಂಬ ಭಾವ ಓದುಗರಿಗೆ ತಿಳಿಯದಂತೆಯೇ ಬಂದುಬಿಡುತ್ತದೆ. ಜೋರಾಗಿ ಮಾತಾಡಿದರೆ ಒಬ್ಬರು ‘ಗುಡುಗಿದರು’, ಇನ್ನೊಬ್ಬರು ‘ಕಿಡಿಕಾರಿದರು’. ಗುಡುಗಿನಲ್ಲಿ ಗಾಂಭೀರ್ಯವಿದೆ, ಕಿಡಿಯಲ್ಲಿ ಸಿಡುಕಿದೆ. ಉತ್ತರಿಸದಿದ್ದರೆ ಒಬ್ಬರು ‘ಪ್ರತಿಕ್ರಿಯಿಸಲು ನಿರಾಕರಿಸಿದರು’, ಇನ್ನೊಬ್ಬರು ‘ನುಣುಚಿಕೊಂಡರು’. ಲೆಕ್ಕಪತ್ರ ಕೊಟ್ಟರೆ ಒಬ್ಬರು ‘ವಿವರಿಸಿದರು’, ಇನ್ನೊಬ್ಬರು ‘ಒಪ್ಪಿಕೊಂಡರು’.

ಎರಡನೆಯದು ಮರ್ಯಾದೆಯ ಬಹುವಚನ. ಕನ್ನಡದಲ್ಲಿ ‘ಹೇಳಿದರು’ ಮತ್ತು ‘ಹೇಳಿದ’ ನಡುವೆ ಇರುವ ಅಂತರ ಎಲ್ಲ ಭಾಷೆಗಳಲ್ಲೂ ಸಿಗುವುದಿಲ್ಲ. ಟಿವಿ ನಿರೂಪಕರ ಬಾಯಲ್ಲಿ ಒಬ್ಬ ಅಭ್ಯರ್ಥಿ ಕಾರ್ಯಕ್ರಮದುದ್ದಕ್ಕೂ ‘ಅವರು’ ಆಗಿದ್ದು, ಇನ್ನೊಬ್ಬರು ಆರೋಪ ಕೇಳಿಬಂದ ಗಳಿಗೆಯಲ್ಲೇ ‘ಈತ’, ‘ಈಕೆ’ ಆಗಿಬಿಟ್ಟರೆ ವಿಚಾರಣೆಗೆ ಮೊದಲೇ ತೀರ್ಪು ಬಂದಂತೆ.

ಮೂರನೆಯದು ಕರ್ತೃವಿಲ್ಲದ ವಾಕ್ಯ. ‘ಎನ್ನಲಾಗಿದೆ’, ‘ಎಂಬ ಮಾತು ಕೇಳಿಬರುತ್ತಿದೆ’, ‘ಎಂದು ಬಲ್ಲ ಮೂಲಗಳು ತಿಳಿಸಿವೆ’. ಹೇಳಿದ್ದು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಹೆಸರು ಹೇಳಲಾಗದ ಮೂಲ ಪತ್ರಿಕೋದ್ಯಮಕ್ಕೆ ಬೇಕು, ಭ್ರಷ್ಟಾಚಾರದ ದೊಡ್ಡ ತನಿಖಾ ವರದಿಗಳು ಅಂಥ ಮೂಲಗಳಿಂದಲೇ ಬಂದಿವೆ. ಆದರೆ ಅಲ್ಲಿ ಮೂಲದ ಜೊತೆ ದಾಖಲೆ ಇರುತ್ತದೆ. ದಾಖಲೆಯಿಲ್ಲದ ‘ಎನ್ನಲಾಗಿದೆ’ ಪದೇ ಪದೇ ಒಬ್ಬರ ವಿರುದ್ಧವೇ ಬಳಕೆಯಾಗುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಬೇಕು. ಪ್ರಶ್ನಾರ್ಥಕ ಚಿಹ್ನೆಯ ತಲೆಬರಹಗಳೂ ಇದೇ ಜಾತಿಯವು. ‘ಟಿಕೆಟ್ ಕೈ ತಪ್ಪುತ್ತಾ?’, ‘ಹಗರಣದಲ್ಲಿ ಇವರ ಕೈವಾಡ?’ ಎಂದು ಕೇಳಿದವರು ಏನನ್ನೂ ಹೇಳಿಲ್ಲ, ಹಾಗಾಗಿ ಯಾವುದಕ್ಕೂ ಹೊಣೆಯಲ್ಲ. ಥಂಬ್‌ನೇಲ್ ಮಾತ್ರ ನೋಡಿ ಮುಂದೆ ಹೋದವರ ಮನಸ್ಸಿನಲ್ಲಿ ಉಳಿಯುವುದು ಚಿಹ್ನೆಯಲ್ಲ, ಹಗರಣ ಎಂಬ ಪದ ಮತ್ತು ಆ ಮುಖ.

ಬೈಟ್ ಮತ್ತು ಫೋಟೊ

ಟಿವಿಯಲ್ಲಿ ಪಕ್ಷಪಾತವನ್ನು ಸೆಕೆಂಡುಗಳಲ್ಲಿ ಅಳೆಯಬಹುದು. ಅಮೆರಿಕದ ಸಂಜೆಯ ಸುದ್ದಿಗಳಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಮಾತು ತಡೆಯಿಲ್ಲದೆ ಎಷ್ಟು ಹೊತ್ತು ಕೇಳಿಸುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. 1968ರಲ್ಲಿ ಹೀಗೆ ಕೇಳಿಸುವ ಮಾತಿನ ತುಣುಕು, ಅಂದರೆ ಬೈಟ್, ಸರಾಸರಿ 40 ಸೆಕೆಂಡಿಗೂ ಹೆಚ್ಚು ಇತ್ತು. 1988ರ ಹೊತ್ತಿಗೆ ಅದು 10 ಸೆಕೆಂಡಿಗಿಂತ ಕೆಳಗಿಳಿದಿತ್ತು. ಅಭ್ಯರ್ಥಿಯ ಬಾಯಿಂದ ಕಿತ್ತುಕೊಂಡ ಆ 30 ಸೆಕೆಂಡು ನಿರೂಪಕರಿಗೆ, ವರದಿಗಾರರಿಗೆ, ಪ್ಯಾನಲ್‌ನಲ್ಲಿ ಕೂತವರಿಗೆ ಹೋಯಿತು. 40 ಸೆಕೆಂಡಿನಲ್ಲಿ ಒಂದು ವಾದವನ್ನು ಕಾರಣಸಹಿತ ಹೇಳಬಹುದು. 9 ಸೆಕೆಂಡಿನಲ್ಲಿ ಒಂದು ಘೋಷಣೆ ಕೂಗಬಹುದು, ಇಲ್ಲವೇ ಒಂದು ಬೈಗುಳ ಬೈಯಬಹುದು. ಎಲ್ಲ ಅಭ್ಯರ್ಥಿಗಳೂ ಬರೀ ಬೈದಾಡುತ್ತಾರೆ ಎಂದು ಬೇಸರಪಡುವ ವೀಕ್ಷಕರು ಒಂದನ್ನು ಗಮನಿಸಬೇಕು: ಆ 9 ಸೆಕೆಂಡನ್ನು ಆರಿಸಿದವರು ಅಭ್ಯರ್ಥಿಗಳಲ್ಲ.

ಪ್ಯಾನಲ್ ಚರ್ಚೆಯಲ್ಲಿ ಎಣಿಸಬೇಕಾದದ್ದು ಮೂರು: ಯಾರಿಗೆ ಮೊದಲ ಮತ್ತು ಕೊನೆಯ ಮಾತು ಸಿಕ್ಕಿತು, ಯಾರ ಮಾತನ್ನು ಎಷ್ಟು ಸಲ ಕತ್ತರಿಸಲಾಯಿತು, ಯಾರು ಮಾತಾಡುವಾಗ ಪರದೆಯ ಕೆಳಗೆ ಯಾವ ಸಾಲು ಓಡುತ್ತಿತ್ತು. ನಿಮ್ಮ ಪಕ್ಷದವರಿಗೂ ಅವಕಾಶ ಕೊಟ್ಟಿದ್ದೆವು ಎಂದು ಚಾನೆಲ್ ಹೇಳುವುದು ನಿಜವೇ ಇರಬಹುದು. ಆರು ಜನರ ಪ್ಯಾನಲ್‌ನಲ್ಲಿ ‘ಸ್ವತಂತ್ರ ವಿಶ್ಲೇಷಕ’ ಎಂಬ ಹೆಸರಿನಡಿ ಕೂತ ಮೂವರೂ ಒಂದೇ ಕಡೆಯವರಾಗಿದ್ದರೆ ಆ ಅವಕಾಶಕ್ಕೆ ಬೆಲೆಯಿಲ್ಲ.

ಫೋಟೊ ವಿಚಾರವನ್ನು ಜನ ಹಗುರವಾಗಿ ಕಾಣುತ್ತಾರೆ, ಅದು ತಪ್ಪು. ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಸೆನೆಟ್ ಸ್ಪರ್ಧಿಗಳ ಮುಖಗಳನ್ನು ಅವರ ಪರಿಚಯವೇ ಇಲ್ಲದವರಿಗೆ ತೋರಿಸಿ ಇಬ್ಬರಲ್ಲಿ ಹೆಚ್ಚು ಸಮರ್ಥರಾಗಿ ಕಾಣುವವರು ಯಾರು ಎಂದು ಕೇಳಲಾಯಿತು. ಬರೀ ಒಂದು ಸೆಕೆಂಡು ನೋಡಿ ಹೇಳಿದಾಗಲೂ ಅವರು ಬೊಟ್ಟು ಮಾಡಿದ ಮುಖವೇ ಸುಮಾರು ಮೂರನೇ ಎರಡರಷ್ಟು ಸ್ಪರ್ಧೆಗಳಲ್ಲಿ ಗೆದ್ದಿತ್ತು. ಮುಖದ ಮೇಲಿನ ಕ್ಷಣದ ಅನಿಸಿಕೆ ಮತದಾನದ ಜೊತೆ ಇಷ್ಟು ಹೊಂದಿಕೊಂಡಿರುವಾಗ, ಒಂದು ಸಭೆಯಲ್ಲಿ ತೆಗೆದ ಇನ್ನೂರು ಫೋಟೊಗಳಲ್ಲಿ ಕಣ್ಣು ಅರೆಮುಚ್ಚಿ ಬಾಯಿ ತೆರೆದಿರುವ ಒಂದನ್ನು ಆರಿಸುವುದು ಸಣ್ಣ ಕೆಲಸವಲ್ಲ. ಸಭೆಯ ಜನಸಂದಣಿಯೂ ಹಾಗೆಯೇ. ವೇದಿಕೆಯ ಎದುರಿನ ನೂರು ಜನರನ್ನು ಕೆಳಗಿನಿಂದ ಹತ್ತಿರಕ್ಕೆ ಹಿಡಿದರೆ ಜನಸಾಗರ, ಡ್ರೋನ್ ಮೇಲೇರಿಸಿದರೆ ಖಾಲಿ ಮೈದಾನ.

ಇದರಿಂದ ಮತ ಬದಲಾಗುತ್ತದೆಯೇ?

ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅಳೆಯುತ್ತ ಬಂದಿರುವ ಪ್ರಶ್ನೆ ಇದು. 1940ರಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ 600 ಮತದಾರರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಸಂದರ್ಶಿಸಿದರು. ಪ್ರಚಾರದ ಪರಿಣಾಮವಾಗಿ ಒಂದು ಪಕ್ಷದಿಂದ ಇನ್ನೊಂದಕ್ಕೆ ಪೂರ್ತಿ ಹೊರಳಿದವರು ಶೇ 8ರಷ್ಟು ಮಾತ್ರ. ಅರ್ಧಕ್ಕೂ ಹೆಚ್ಚು ಜನರಲ್ಲಿ ಮೊದಲೇ ಇದ್ದ ಒಲವು ಗಟ್ಟಿಯಾಯಿತು. ಮಾಧ್ಯಮದ ಪ್ರಭಾವ ಕಡಿಮೆ ಎಂದು ಸಂಶೋಧಕರು ಬಹಳ ಕಾಲ ನಂಬಿದ್ದು ಇದರಿಂದಲೇ.

ಪ್ರಶ್ನೆಯನ್ನೇ ತಿರುಗಿಸಿ ಕೇಳಿದಾಗ ಚಿತ್ರ ಬದಲಾಯಿತು. 1968ರ ಚುನಾವಣೆಯಲ್ಲಿ ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಇನ್ನೂ ತೀರ್ಮಾನ ಮಾಡದ 100 ಮತದಾರರನ್ನು ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳಿದರು. ಆ ಪಟ್ಟಿಯನ್ನು ಮಾಧ್ಯಮಗಳು ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿದ್ದವು ಎಂಬ ಪಟ್ಟಿಯೊಂದಿಗೆ ಹೋಲಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಜನ ಯಾರಿಗೆ ಮತ ಹಾಕಬೇಕು ಎಂಬುದನ್ನು ಸುದ್ದಿ ಹೇಳಿಕೊಟ್ಟಿರಲಿಲ್ಲ, ಯಾವ ವಿಷಯ ದೊಡ್ಡದು ಎಂಬುದನ್ನು ಹೇಳಿಕೊಟ್ಟಿತ್ತು.

ಅಲ್ಲಿಂದ ಅಭ್ಯರ್ಥಿಯ ಬಳಿ ಬರಲು ಇನ್ನೊಂದೇ ಹೆಜ್ಜೆ. ಶಾಂತೊ ಅಯ್ಯಂಗಾರ್, ಡೊನಾಲ್ಡ್ ಕಿಂಡರ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಜನರಿಗೆ ಕೆಲವು ದಿನ ಟಿವಿ ಸುದ್ದಿ ತೋರಿಸಲಾಯಿತು. ಆ ಸುದ್ದಿಯೊಳಗೆ ಒಂದು ಗುಂಪಿಗೆ ರಕ್ಷಣಾ ವ್ಯವಸ್ಥೆಯ ದೌರ್ಬಲ್ಯದ ವರದಿಗಳನ್ನು ಸೇರಿಸಲಾಗಿತ್ತು, ಇನ್ನೊಂದಕ್ಕೆ ಬೇರೆ ವಿಷಯ. ಅಧ್ಯಕ್ಷರ ಬಗ್ಗೆ ಒಟ್ಟಾರೆ ಅಭಿಪ್ರಾಯ ಕೇಳಿದಾಗ, ರಕ್ಷಣೆಯ ಸುದ್ದಿ ನೋಡಿದವರು ಆ ಕ್ಷೇತ್ರದಲ್ಲಿ ಅಧ್ಯಕ್ಷರ ಸಾಧನೆಗೆ ಹೆಚ್ಚು ತೂಕ ಕೊಟ್ಟು ಅವರನ್ನು ಅಳೆದಿದ್ದರು. ಅಧ್ಯಕ್ಷರು ಒಳ್ಳೆಯವರು, ಕೆಟ್ಟವರು ಎಂದು ಸುದ್ದಿಯಲ್ಲಿ ಯಾರೂ ಹೇಳಿರಲಿಲ್ಲ. ಬದಲಾಗಿದ್ದು ಅಳೆಯುವ ಕೋಲು. ಭದ್ರತೆಯ ವಿಷಯದಲ್ಲಿ ಬಲಿಷ್ಠರೆನಿಸಿದ ಅಭ್ಯರ್ಥಿಯೊಬ್ಬರು, ಉದ್ಯೋಗದ ವಿಷಯದಲ್ಲಿ ನಂಬಿಕೆ ಗಳಿಸಿದ ಅಭ್ಯರ್ಥಿ ಇನ್ನೊಬ್ಬರು ಕಣದಲ್ಲಿದ್ದಾರೆ ಎಂದಾದರೆ, ಚುನಾವಣೆಯ ಕೊನೆಯ ಎರಡು ವಾರ ಯಾವ ವಿಷಯ ಪರದೆಯ ಮೇಲಿರುತ್ತದೆ ಎಂಬುದೇ ಅರ್ಧ ಪ್ರಚಾರ.

ಮತಗಳ ಲೆಕ್ಕದಲ್ಲಿ ಇದು ಎಷ್ಟಾಗುತ್ತದೆ? ಅಮೆರಿಕದಲ್ಲಿ ರಿಪಬ್ಲಿಕನ್ನರ ಕಡೆಗೆ ವಾಲಿದ ಫಾಕ್ಸ್ ನ್ಯೂಸ್ ಚಾನೆಲ್ 1996ರ ಅಕ್ಟೋಬರ್‌ನಲ್ಲಿ ಶುರುವಾದಾಗ ಎಲ್ಲ ಊರುಗಳ ಕೇಬಲ್‌ಗೂ ಒಮ್ಮೆಗೇ ಬರಲಿಲ್ಲ. ಸ್ಟೆಫಾನೊ ಡೆಲಾವಿನ್ಯಾ ಮತ್ತು ಈಥನ್ ಕಪ್ಲಾನ್ ಅವರು 9,256 ಊರುಗಳನ್ನು ಹೋಲಿಸಿ, ಚಾನೆಲ್ ಬಂದ ಊರುಗಳಲ್ಲಿ 2000ದ ಹೊತ್ತಿಗೆ ರಿಪಬ್ಲಿಕನ್ನರ ಮತ ಶೇಕಡಾ 0.4ರಿಂದ 0.7 ಅಂಶದಷ್ಟು ಏರಿತ್ತು ಎಂದು ತೋರಿಸಿದರು. ಸಣ್ಣ ಸಂಖ್ಯೆ. ಆದರೆ 2000ದ ಅಧ್ಯಕ್ಷೀಯ ಚುನಾವಣೆ ತೀರ್ಮಾನವಾಗಿದ್ದು ಫ್ಲೋರಿಡಾದಲ್ಲಿ, 537 ಮತಗಳ ಅಂತರದಲ್ಲಿ. ಇನ್ನೊಂದು ತುದಿಯಲ್ಲಿ ರಷ್ಯಾದ ಉದಾಹರಣೆ ಇದೆ. 1999ರ ಸಂಸತ್ ಚುನಾವಣೆಯಲ್ಲಿ ಸರ್ಕಾರದ ಹಿಡಿತದಲ್ಲಿಲ್ಲದ ಏಕೈಕ ರಾಷ್ಟ್ರೀಯ ಚಾನೆಲ್ ಎನ್‌ಟಿವಿ. ಅದರ ಸಿಗ್ನಲ್ ಸಿಗುತ್ತಿದ್ದ ಪ್ರದೇಶಗಳಲ್ಲಿ ಸರ್ಕಾರದ ಪರವಾದ ಪಕ್ಷದ ಮತ ಶೇಕಡಾ 8.9 ಅಂಶ ಕುಸಿಯಿತು ಎಂಬುದು ಅಧ್ಯಯನದ ಲೆಕ್ಕ. ಎರಡರ ನಡುವೆ ಇಷ್ಟು ವ್ಯತ್ಯಾಸ ಏಕೆ? ಅಮೆರಿಕದ ಮತದಾರರಿಗೆ ಎರಡೂ ಪಕ್ಷಗಳು ದಶಕಗಳಿಂದ ಗೊತ್ತಿದ್ದವು, ನೋಡಲು ಬೇರೆ ಚಾನೆಲ್‌ಗಳೂ ಇದ್ದವು. ರಷ್ಯಾದಲ್ಲಿ ಪಕ್ಷಗಳು ಎಳೆಯವು, ಸರ್ಕಾರದ ಪರವಾದ ಆ ಪಕ್ಷಕ್ಕೆ ಕೆಲವೇ ತಿಂಗಳ ವಯಸ್ಸು, ಭಿನ್ನದನಿ ಇದ್ದದ್ದು ಒಂದೇ.

ಇದರಿಂದ ತಿಳಿಯುವುದೇನೆಂದರೆ, ಅಭ್ಯರ್ಥಿ ಹೊಸಬರಾದಷ್ಟೂ, ಸುದ್ದಿಯ ಮೂಲಗಳು ಕಡಿಮೆಯಾದಷ್ಟೂ ಪಕ್ಷಪಾತದ ಪೆಟ್ಟು ದೊಡ್ಡದು. ರಾಷ್ಟ್ರಮಟ್ಟದ ನಾಯಕರ ಬಗ್ಗೆ ಚಾನೆಲ್‌ಗಳು ಎಷ್ಟೇ ಕೂಗಾಡಿದರೂ ಜನರ ಮನಸ್ಸು ಬಹುಪಾಲು ಮೊದಲೇ ಗಟ್ಟಿಯಾಗಿರುತ್ತದೆ. ಪಕ್ಷದ ಚಿಹ್ನೆಯಿಲ್ಲದ ಸ್ಥಳೀಯ ಚುನಾವಣೆಯಲ್ಲಿ, ಮೊದಲ ಸಲ ನಿಂತವರ ವಿಷಯದಲ್ಲಿ, ಪಕ್ಷೇತರರ ವಿಷಯದಲ್ಲಿ ಒಂದೇ ಒಂದು ವರದಿ ಇಡೀ ಪರಿಚಯವಾಗಿಬಿಡುತ್ತದೆ. ವರದಿಯೇ ಬಾರದಿದ್ದರೆ ಅವರು ಕಣದಲ್ಲಿಲ್ಲ ಎಂದೇ ಲೆಕ್ಕ. ಸುದ್ದಿಮನೆಗಳು ಗೆಲ್ಲುವ ಕುದುರೆಯ ಹಿಂದೆ ಓಡುವುದರಿಂದ ಆಗುವ ಈ ಅನ್ಯಾಯ, ಎಡ–ಬಲದ ಜಗಳಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಇದರ ಬಗ್ಗೆ ಮಾತಾಡುವವರು ಮಾತ್ರ ಕಡಿಮೆ.

ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು, ಏಕೆಂದರೆ ಅದು ಎಲ್ಲರ ಊಹೆಯನ್ನೂ ತಲೆಕೆಳಗು ಮಾಡಿತು. 2005ರ ವರ್ಜೀನಿಯಾ ಗವರ್ನರ್ ಚುನಾವಣೆಗೆ ಮುನ್ನ ಅಲನ್ ಗರ್ಬರ್, ಡೀನ್ ಕಾರ್ಲನ್ ಮತ್ತು ಡೇನಿಯಲ್ ಬರ್ಗನ್ ಕೆಲವು ಮನೆಗಳಿಗೆ ಉದಾರವಾದಿ ಒಲವಿನ ವಾಷಿಂಗ್ಟನ್ ಪೋಸ್ಟ್, ಇನ್ನು ಕೆಲವಕ್ಕೆ ಸಂಪ್ರದಾಯವಾದಿ ಒಲವಿನ ವಾಷಿಂಗ್ಟನ್ ಟೈಮ್ಸ್ ಉಚಿತವಾಗಿ ಹಾಕಿಸಿದರು. ಯಾವ ಮನೆಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಯಾವ ಪತ್ರಿಕೆ ಬಂದಿದ್ದರೂ ಒಲವು ಉದಾರವಾದಿಗಳ ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯ ಕಡೆಗೇ ಸರಿಯಿತು! ಪತ್ರಿಕೆಯ ವಾಲಿಗಿಂತ ಆ ಹೊತ್ತಿನ ಸುದ್ದಿಯೇ ಹೆಚ್ಚು ಕೆಲಸ ಮಾಡಿರಬಹುದು. ಆದ್ದರಿಂದ ‘ಆ ಪತ್ರಿಕೆ ಅವರ ಕಡೆಯದು, ಓದಿದವರೆಲ್ಲ ಅವರಿಗೇ ಹಾಕುತ್ತಾರೆ’ ಎಂದು ಹೇಳುವ ಮುನ್ನ ತಾಳ್ಮೆ ಬೇಕು.

ಸಮೀಕ್ಷೆ ಎಂಬ ಸುದ್ದಿ

2016ರ ಅಮೆರಿಕ ಚುನಾವಣೆಯ ಕೊನೆಯ ಹಂತದ ಸುದ್ದಿಗಳನ್ನು ಹಾರ್ವರ್ಡ್‌ನ ಶೋರೆನ್‌ಸ್ಟೀನ್ ಕೇಂದ್ರ ವಿಂಗಡಿಸಿದಾಗ, ಶೇ 42ರಷ್ಟು ಯಾರು ಮುಂದೆ, ಯಾರು ಹಿಂದೆ ಎಂಬ ಓಟದ ಸುದ್ದಿ, ನೀತಿಯ ಬಗ್ಗೆ ಇದ್ದದ್ದು ಶೇ 10 ಮಾತ್ರ. ಓಟದ ಸುದ್ದಿಗೆ ಕಚ್ಚಾವಸ್ತು ಸಮೀಕ್ಷೆ. ಇಲ್ಲಿ ಪಕ್ಷಪಾತಕ್ಕೆ ದುರುದ್ದೇಶವೂ ಬೇಕಿಲ್ಲ, ಗಣಿತ ಗೊತ್ತಿಲ್ಲದಿದ್ದರೆ ಸಾಕು.

ಕಾಗದ ಪೆನ್ನಿನಲ್ಲೇ ಮಾಡಬಹುದಾದ ಲೆಕ್ಕ ಇದು. ಮಾತಾಡಿಸಿದ ಜನರ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿದರೆ ತಪ್ಪಿನ ಮಿತಿ ಹತ್ತಿರಹತ್ತಿರ ಸಿಗುತ್ತದೆ. 400 ಜನರಾದರೆ ಶೇಕಡಾ 5 ಅಂಶ ಆಚೀಚೆ, 1,000 ಜನರಾದರೆ 3 ಅಂಶ, 10,000 ಜನರಾದರೆ 1 ಅಂಶ. ಇದು ಒಬ್ಬ ಅಭ್ಯರ್ಥಿಯ ಪ್ರಮಾಣದ ಮಿತಿ. ಇಬ್ಬರ ನಡುವಿನ ಅಂತರಕ್ಕೆ ಬಂದರೆ ಮಿತಿ ಸುಮಾರು ದುಪ್ಪಟ್ಟು. ಅಂದರೆ 1,000 ಜನರ ಸಮೀಕ್ಷೆಯಲ್ಲಿ ಒಬ್ಬರಿಗೆ 43, ಇನ್ನೊಬ್ಬರಿಗೆ 40 ಬಂದರೆ ‘3 ಅಂಶದ ಮುನ್ನಡೆ’ ಎಂದು ಬರೆಯಲು ಆಧಾರವೇ ಇಲ್ಲ. ಮರುವಾರ 41–42 ಬಂದಾಗ ‘ಹಿಂದಿಕ್ಕಿದರು, ಗಾಳಿ ಬದಲಾಯಿತು’ ಎಂದು ಮುಖಪುಟದಲ್ಲಿ ಹಾಕುತ್ತಾರೆ. ಜನರ ಮನಸ್ಸಿನಲ್ಲಿ ಏನೂ ಬದಲಾಗದೆಯೂ ಈ ಎರಡು ಅಂಕಿ ಬರಬಹುದು. ಒಳಗಿನ ತುಂಡುಗಳು ಇನ್ನೂ ಅಪಾಯಕಾರಿ: ಅದೇ ಸಮೀಕ್ಷೆಯ 100 ಜನ ಯುವ ಮತದಾರರ ಬಗ್ಗೆ ಹೇಳಿದ ಅಂಕಿಗೆ 10 ಅಂಶದ ಮಿತಿ. ಕ್ಷೇತ್ರಕ್ಕೆ 50 ಜನರನ್ನು ಕೇಳಿ ಆ ಕ್ಷೇತ್ರದ ಗೆಲುವು ಹೇಳಿದರೆ 14 ಅಂಶ.

ಈ ಲೆಕ್ಕ ಹೊಂದುವುದು ಮಾದರಿಯನ್ನು ಸರಿಯಾಗಿ ಆರಿಸಿದ್ದರೆ ಮಾತ್ರ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷೀಯ ಚುನಾವಣೆಯಲ್ಲಿ ನಿಮ್ಮ ಮತ ಯಾರಿಗೆ ಎಂದು ಕೇಳಿ ಸುಮಾರು 1 ಕೋಟಿ ಕಾರ್ಡುಗಳನ್ನು ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಸಾರಿತು, ರೂಸ್‌ವೆಲ್ಟ್ ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ವಿಳಾಸಗಳು ಬಂದದ್ದು ಫೋನ್ ಡೈರೆಕ್ಟರಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ, ಅಂದರೆ ಹೆಚ್ಚಾಗಿ ಉಳ್ಳವರವು. ಸಾಲದ್ದಕ್ಕೆ, ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚಾಗಿ ಕಾರ್ಡು ಮರಳಿಸಿದ್ದರು. ಭಾರತದಲ್ಲಿ 2024ರ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರಿಂದ 400 ಸ್ಥಾನದ ಆಸುಪಾಸು ಕೊಟ್ಟಿದ್ದವು, ಬಂದದ್ದು 293. ಮತಪ್ರಮಾಣವನ್ನು ಸ್ಥಾನಕ್ಕೆ ಪರಿವರ್ತಿಸುವ ಹೆಜ್ಜೆಯಲ್ಲಿ ಸಣ್ಣ ತಪ್ಪು ಕೂಡ ಹತ್ತಾರು ಸ್ಥಾನಗಳಾಗಿ ಬೆಳೆಯುತ್ತದೆ. ಮಾತಾಡಿಸಿದವರ ಸಂಖ್ಯೆ, ದಿನಾಂಕ, ವಿಧಾನ, ಹಣ ಕೊಟ್ಟವರು, ಕೇಳಿದ ಪ್ರಶ್ನೆಯ ಪೂರ್ತಿ ಪಠ್ಯ ಈ ಐದೂ ಇಲ್ಲದ ಸಮೀಕ್ಷೆಯನ್ನು ಜಾಹೀರಾತೆಂದೇ ಎಣಿಸುವುದು ಸುರಕ್ಷಿತ.

ಕಾಸು ಕೊಟ್ಟು ಬರೆಸಿದ ಸುದ್ದಿ

ಒಲವಿನಿಂದ ಬರುವ ಪಕ್ಷಪಾತ ಒಂದು, ದರಪಟ್ಟಿಯಿಂದ ಬರುವುದು ಇನ್ನೊಂದು. ಭಾರತದಲ್ಲಿ 2009ರ ಚುನಾವಣೆಗಳ ನಂತರ ಪೇಯ್ಡ್ ನ್ಯೂಸ್ ದೊಡ್ಡ ಸುದ್ದಿಯಾಯಿತು. ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ವೇಳೆ ಒಬ್ಬರೇ ನಾಯಕರನ್ನು ಹೊಗಳುವ ಒಂದೇ ಬರಹ, ಪರಸ್ಪರ ಪೈಪೋಟಿಯ ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಪ್ರಕಟವಾಗಿದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆ ತಂದರು. ಭಾರತೀಯ ಪತ್ರಿಕಾ ಮಂಡಳಿ ಉಪಸಮಿತಿ ನೇಮಿಸಿ 2010ರಲ್ಲಿ ವರದಿ ಪಡೆಯಿತು. 2011ರ ಅಕ್ಟೋಬರ್‌ನಲ್ಲಿ ಚುನಾವಣಾ ಆಯೋಗ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿಯನ್ನು ಮೂರು ವರ್ಷ ಅನರ್ಹಗೊಳಿಸಿತು. ಕಾರಣ ಗಮನಿಸಬೇಕು: ಸುದ್ದಿ ಕೊಂಡದ್ದಕ್ಕಲ್ಲ, ಅದರ ಖರ್ಚನ್ನು ಲೆಕ್ಕದಲ್ಲಿ ತೋರಿಸದಿದ್ದಕ್ಕೆ. ಪೇಯ್ಡ್ ನ್ಯೂಸನ್ನೇ ಅಪರಾಧವೆಂದು ಹೇಳುವ ಕಲಮು ಜನಪ್ರತಿನಿಧಿ ಕಾಯ್ದೆಯಲ್ಲಿ ಆಗ ಇರಲಿಲ್ಲ.

ಹಾಗಾಗಿ ದೂರು ಹೋಗುವುದು ಖರ್ಚಿನ ದಾರಿಯಲ್ಲಿ. ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ಪ್ರಕಟಣೆಯ ಪ್ರತಿಯೊಂದಿಗೆ ದೂರು ಕೊಡಬೇಕು. ಸಮಿತಿ ಒಪ್ಪಿದರೆ ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸ್ ಕೊಡುತ್ತಾರೆ, ಉತ್ತರಕ್ಕೆ 48 ಗಂಟೆ ಕಾಲಾವಕಾಶ. ಪೇಯ್ಡ್ ನ್ಯೂಸ್ ಎಂದು ತೀರ್ಮಾನವಾದರೆ ಆ ಜಾಗದ ಜಾಹೀರಾತು ದರವನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಹಣದ ರಸೀದಿ ಇರುವುದಿಲ್ಲ ಎಂಬ ಕಾರಣಕ್ಕೆ. ರಸೀದಿ ಯಾವತ್ತೂ ಸಿಗುವುದಿಲ್ಲ, ಸಾಂದರ್ಭಿಕ ಸಾಕ್ಷ್ಯವನ್ನೇ ಜೋಡಿಸಬೇಕು. ಎರಡು ಪತ್ರಿಕೆಗಳಲ್ಲಿ ಒಂದೇ ಪಠ್ಯ, ಬೇರೆ ಬೇರೆ ಬೈಲೈನ್ (ಬರೆದವರ ಹೆಸರು). ಘಟನೆಯೇ ಇಲ್ಲದ ಹೊಗಳಿಕೆ. ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳಿಗೂ ಗೆಲುವು ಖಚಿತ ಎಂಬ ಎರಡು ಬರಹ. ಇಂಥವನ್ನು ದಿನಾಂಕ, ಪುಟ, ಆವೃತ್ತಿ ಬರೆದು ಅಕ್ಕಪಕ್ಕ ಅಂಟಿಸಿ ಕೊಟ್ಟ ದೂರಿಗೆ ಬೆಲೆ ಬರುತ್ತದೆ.

ಪ್ರಸಾರದ ಸಮಯದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸ್‌ನಲ್ಲಿ ನಿಯಂತ್ರಣ ಸಂಸ್ಥೆಯೇ ಅಭ್ಯರ್ಥಿಗಳ ಮಾತಿನ ಸಮಯವನ್ನು ಲೆಕ್ಕವಿಡುತ್ತದೆ, ಅಧ್ಯಕ್ಷೀಯ ಚುನಾವಣೆಯ ಅಧಿಕೃತ ಪ್ರಚಾರದ ದಿನಗಳಲ್ಲಿ ಎಲ್ಲರಿಗೂ ಸಮಾನ ಸಮಯ ಸಿಗಬೇಕು. ವಿವಾದದ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಪ್ರಸಾರದಲ್ಲಿ ಜಾಗ ಕೊಡಬೇಕೆಂದು ಅಮೆರಿಕ 1949ರಲ್ಲಿ ತಂದ ಫೇರ್‌ನೆಸ್ ಡಾಕ್ಟ್ರಿನ್ ಅನ್ನು 1987ರಲ್ಲಿ ಕೈಬಿಟ್ಟಿತು. ಭಾರತದಲ್ಲಿ ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆ ಆ ಕ್ಷೇತ್ರದಲ್ಲಿ ಟಿವಿ ಪ್ರಚಾರ ನಿಲ್ಲಬೇಕು. ಆದರೆ ಏಳು ಹಂತದ ಚುನಾವಣೆಯಲ್ಲಿ ಇಲ್ಲಿ ಮತದಾನ ನಡೆಯುವಾಗ ಇನ್ನೊಂದು ರಾಜ್ಯದ ರ‍್ಯಾಲಿಯ ನೇರಪ್ರಸಾರ ಇಲ್ಲಿನ ಫೋನುಗಳಲ್ಲೂ ಓಡುತ್ತಿರುತ್ತದೆ.

ಎಣಿಸುವುದು ಹೇಗೆ

ಎಣಿಸುವ ಮುನ್ನ ನಮ್ಮ ಕಣ್ಣನ್ನೇ ಅನುಮಾನಿಸಬೇಕು. 1982ರಲ್ಲಿ ಲೆಬನಾನಿನ ಬೈರುತ್‌ನಲ್ಲಿ ನಡೆದ ಪ್ಯಾಲೆಸ್ಟೀನ್ ನಿರಾಶ್ರಿತರ ಹತ್ಯಾಕಾಂಡದ ಒಂದೇ ಟಿವಿ ಸುದ್ದಿಯನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಸುದ್ದಿ ತಮ್ಮ ವಿರುದ್ಧ ವಾಲಿದೆ ಎಂದು ಎರಡೂ ಗುಂಪು ಹೇಳಿದವು. ವಿಷಯ ಬಲ್ಲವರಿಗೂ ಹಾಗೇ ಕಂಡಿತು. ಅನಿಸಿಕೆ ಸಾಕ್ಷಿಯಲ್ಲ ಎನ್ನುವುದು ಇದಕ್ಕೇ.

ಎರಡು ಅಥವಾ ಮೂರು ಮಾಧ್ಯಮಗಳನ್ನು ಆರಿಸಿ, ಹೆಚ್ಚು ಬೇಡ. ಕನಿಷ್ಠ ಎರಡು ವಾರ ಬೇಕು. ಇಡೀ ಪ್ರಚಾರ ಎರಡು ತಿಂಗಳಿದ್ದರೆ ಪ್ರತಿದಿನ ಎಣಿಸಬೇಕಿಲ್ಲ: ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ 14 ದಿನಗಳನ್ನು ಜೋಡಿಸಿಕೊಳ್ಳಿ. ಒಂದು ದೊಡ್ಡ ರ‍್ಯಾಲಿಯ ವಾರ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುವುದು ಇದರಿಂದ ತಪ್ಪುತ್ತದೆ. ಒಂದು ಸುದ್ದಿಗೆ ಒಂದು ಸಾಲು. ಕಾಲಂಗಳು: ದಿನಾಂಕ, ಮಾಧ್ಯಮ, ಪುಟ ಅಥವಾ ಪ್ರಸಾರದ ಸಮಯ, ಉದ್ದ (ಕಾಲಂ ಸೆಂಟಿಮೀಟರ್ ಅಥವಾ ಸೆಕೆಂಡು), ಅಭ್ಯರ್ಥಿ, ವಿಷಯ, ಯಾರ ದನಿ (ಅಭ್ಯರ್ಥಿಯದೇ, ಎದುರಾಳಿಯದು, ಹೆಸರಿಲ್ಲದ ಮೂಲ, ವರದಿಗಾರರು), ತಲೆಬರಹದ ಕ್ರಿಯಾಪದ, ಫೋಟೊ, ಕೊನೆಗೆ ಧಾಟಿ. ಧಾಟಿಗೆ ಮೂರೇ ಅಂಕ ಸಾಕು: ಪರ, ವಿರುದ್ಧ, ಎರಡೂ ಅಲ್ಲ. ಐದು ಹಂತ ಮಾಡಿದರೆ ‘ಸ್ವಲ್ಪ ವಿರುದ್ಧ’ವೋ ‘ತುಂಬ ವಿರುದ್ಧ’ವೋ ಎಂಬ ಜಗಳದಲ್ಲೇ ಕೆಲಸ ನಿಲ್ಲುತ್ತದೆ.

ಧಾಟಿಯನ್ನು ಒಬ್ಬರೇ ಗುರುತಿಸಬಾರದು. ಬೇರೆ ಬೇರೆ ಒಲವಿನ ಇಬ್ಬರು, ಒಬ್ಬರ ಹಾಳೆ ಇನ್ನೊಬ್ಬರಿಗೆ ತೋರಿಸದೆ, ಮೊದಲು 50 ಸುದ್ದಿಗಳನ್ನು ಗುರುತಿಸಲಿ. 40ರಲ್ಲಿ ಒಪ್ಪಿದರೆ ಶೇ 80 ಹೊಂದಿಕೆ ಎಂದು ಹಿಗ್ಗಬೇಡಿ. ಕುರುಡಾಗಿ ಗುರುತಿಸಿದ್ದರೂ ಅರ್ಧದಷ್ಟು ಹೊಂದುತ್ತಿತ್ತು ಎಂದಾದರೆ, ನಿಜವಾದ ಹೊಂದಿಕೆ 0.8ರಿಂದ 0.5 ಕಳೆದು, ಉಳಿದ 0.5ರಿಂದ ಭಾಗಿಸಿದಷ್ಟು, ಅಂದರೆ 0.6. ಇದು ಕೊಹೆನ್ ಕಪ್ಪಾ ಎಂಬ ಅಳತೆ. 0.6 ಸಾಲದು. 0.8 ಹತ್ತಿರ ಬರುವವರೆಗೆ ತಕರಾರಿನ ಸುದ್ದಿಗಳನ್ನು ಮುಂದಿಟ್ಟುಕೊಂಡು ನಿಯಮವನ್ನು ಬಿಗಿ ಮಾಡಿ, ಹೊಸ 50 ಸುದ್ದಿಗಳ ಮೇಲೆ ಮತ್ತೆ ಪರೀಕ್ಷಿಸಿ.

ಕೆಡುವುದು ಸಾಮಾನ್ಯವಾಗಿ ಇಲ್ಲಿ. ಘಟನೆಯೇ ಕೆಟ್ಟದ್ದಾಗಿದ್ದರೆ ವರದಿಯನ್ನೂ ‘ವಿರುದ್ಧ’ ಎಂದು ಗುರುತಿಸಿಬಿಡುತ್ತಾರೆ. ನ್ಯಾಯಾಲಯ ಆರೋಪಪಟ್ಟಿ ಸ್ವೀಕರಿಸಿತು ಎಂಬ ನೇರ ವರದಿಯಲ್ಲಿ ಪಕ್ಷಪಾತವಿಲ್ಲ. ವೆಬ್‌ಸೈಟಿನ ತಲೆಬರಹ ಮಧ್ಯಾಹ್ನದೊಳಗೆ ಮೂರು ಸಲ ಬದಲಾಗಿರುತ್ತದೆ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ನಿಮ್ಮ ಹಾಳೆಗೆ ಸಾಕ್ಷಿಯಿಲ್ಲ. ಹೆಸರು ಹುಡುಕಿ ಸುದ್ದಿ ಸಂಗ್ರಹಿಸುವವರು ಕನ್ನಡದಲ್ಲಿ ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ: ವಿಭಕ್ತಿ ಸೇರಿದಾಗ ಹೆಸರಿನ ಕೊನೆ ಬದಲಾಗುತ್ತದೆ, ಒಂದು ಪತ್ರಿಕೆ ಪೂರ್ತಿ ಹೆಸರು ಬರೆದರೆ ಇನ್ನೊಂದು ಇನಿಷಿಯಲ್‌ನಲ್ಲಿ ಮುಗಿಸುತ್ತದೆ, ಮೂರನೆಯದು ಅಡ್ಡಹೆಸರು ಬಳಸುತ್ತದೆ. ಒಂದೇ ರೂಪ ಹುಡುಕಿದರೆ ಬಹಳಷ್ಟು ಸುದ್ದಿ ಲೆಕ್ಕಕ್ಕೇ ಬರುವುದಿಲ್ಲ, ಅದೂ ಇಬ್ಬರು ಅಭ್ಯರ್ಥಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ.

ಅತಿ ಕಷ್ಟದ ಪ್ರಶ್ನೆ: ಯಾವುದಕ್ಕೆ ಹೋಲಿಸಬೇಕು? ಸಮಾನ ಜಾಗವೇ ನ್ಯಾಯವಲ್ಲ. ಒಬ್ಬರು ದಿನಕ್ಕೆ ಐದು ಸಭೆ ಮಾಡಿ, ಇನ್ನೊಬ್ಬರು ಮನೆಯಲ್ಲೇ ಕೂತಿದ್ದರೆ ಸುದ್ದಿ ಸಮವಾಗಲು ಸಾಧ್ಯವಿಲ್ಲ. ಒಬ್ಬರ ಮೇಲೆ ನಿಜವಾದ ಹಗರಣವಿದ್ದರೆ ಧಾಟಿಯೂ ಸಮವಾಗಬಾರದು. ಅದಕ್ಕೇ ಒಟ್ಟು ಮೊತ್ತಗಳನ್ನು ನಂಬುವ ಬದಲು ಜೋಡಿಗಳನ್ನು ಹುಡುಕಬೇಕು. ಇಬ್ಬರ ಮೇಲೂ ಒಂದೇ ಬಗೆಯ ಆರೋಪ ಬಂದಾಗ, ಉದಾಹರಣೆಗೆ ಇಬ್ಬರ ಆಸ್ತಿ ಘೋಷಣೆಯಲ್ಲೂ ಒಂದೊಂದು ಜಮೀನು ಬಿಟ್ಟುಹೋಗಿದ್ದರೆ, ಅದೇ ಪತ್ರಿಕೆ ಯಾರದ್ದನ್ನು ಯಾವ ಪುಟದಲ್ಲಿ, ಎಷ್ಟು ದಿನ, ಯಾವ ಕ್ರಿಯಾಪದದಲ್ಲಿ ಬರೆಯಿತು? ಒಂದೇ ಘಟನೆಯನ್ನು ಮೂರು ಮಾಧ್ಯಮಗಳು ಹೇಗೆ ಹೇಳಿದವು? ಹತ್ತು ಒಳ್ಳೆಯ ಜೋಡಿಗಳು ಸಿಕ್ಕರೆ ಸಾವಿರ ಸುದ್ದಿಗಳ ಸರಾಸರಿಗಿಂತ ಗಟ್ಟಿ ಸಾಕ್ಷ್ಯ. ಸಂಪಾದಕರಿಗೆ ಪತ್ರ ಬರೆಯುವಾಗಲೂ ಇಂಥ ಜೋಡಿಯನ್ನೇ ಮುಂದಿಡಿ. ‘ನೀವು ಪಕ್ಷಪಾತಿಗಳು’ ಎಂಬ ಪತ್ರ ಕಸದ ಬುಟ್ಟಿಗೆ ಹೋಗುತ್ತದೆ. ‘12ನೇ ತಾರೀಕು ಮುಖಪುಟ, 38 ಸೆಂಟಿಮೀಟರ್, 19ನೇ ತಾರೀಕು ಅಂಥದ್ದೇ ಆರೋಪ, ಏಳನೇ ಪುಟ, 6 ಸೆಂಟಿಮೀಟರ್’ ಎಂದು ಬರೆದ ಪತ್ರಕ್ಕೆ ಸುದ್ದಿಮನೆಯೊಳಗೇ ಉತ್ತರ ಹುಡುಕಬೇಕಾಗುತ್ತದೆ.

ಫಲಿತಾಂಶ ಬಂದ ಮೇಲೂ ಹಾಳೆಯನ್ನು ಮುಚ್ಚಿಡಬೇಡಿ, ಇನ್ನೊಂದು ತಿಂಗಳು ಅದೇ ಮಾಧ್ಯಮಗಳನ್ನು ಅದೇ ನಿಯಮದಲ್ಲಿ ಎಣಿಸಿ. ಸೋತವರ ಬಗ್ಗೆ ‘ವಿರುದ್ಧ’ವೇ ಮುಂದುವರಿದು, ಗೆದ್ದವರ ಪರವಾದ ಧಾಟಿಯೂ ಹಾಗೆಯೇ ಇದ್ದರೆ ಅದು ಪಕ್ಷದ ಕಡೆಗಿನ ವಾಲಿರಬಹುದು. ತಾನು ವಿರೋಧಿಸಿದ ಅಭ್ಯರ್ಥಿಯೇ ಗೆದ್ದು ಅಧಿಕಾರ ಹಿಡಿದಾಗ, ಎರಡೇ ವಾರದಲ್ಲಿ ‘ನುಣುಚಿಕೊಂಡರು’ ಹೋಗಿ ‘ಸ್ಪಷ್ಟಪಡಿಸಿದರು’ ಬಂದಿದ್ದರೆ, ಆ ಮಾಧ್ಯಮದ ವಾಲು ಇರುವುದು ಯಾವ ಪಕ್ಷದ ಕಡೆಗೂ ಅಲ್ಲ, ಕುರ್ಚಿಯ ಕಡೆಗೆ.